ಹೊಸ ಮಂಡಿ ಬಂತು, ನೋವು ಉಳಿಯಿತು

ಮಂಡಿ ಬದಲಾಯಿಸುವ ಆಪರೇಷನ್ ಆಗಿ ಒಂಬತ್ತು ತಿಂಗಳಾಗಿತ್ತು. ರಾತ್ರಿ ಎರಡು ಗಂಟೆ ಇರಬೇಕು. ನಿದ್ದೆಯಲ್ಲಿ ಮಗ್ಗುಲು ಬದಲಿಸಿದೆ, ಹೊದ್ದಿದ್ದ ಬೆಡ್‌ಶೀಟ್ ಬಲ ಮಂಡಿಯ ಒಳಬದಿಗೆ ತಾಗಿತು. ಬಿಸಿ ಸೌಟು ಇಟ್ಟ ಹಾಗೆ ಚುರ್ ಅಂತು. ಎದ್ದು ಕೂತೆ. ನಮ್ಮನೆಯವರಿಗೂ ಎಚ್ಚರ ಆಯಿತು. "ಮತ್ತೆ ನೋವಾ?" ಅಂದರು. "ಇಲ್ಲ, ನೀರು ಕುಡಿಯೋಕೆ ಎದ್ದೆ" ಅಂದೆ.

ಆ ಹೊತ್ತಿಗೆ ನೋವು ಅಂತ ಹೇಳಿಕೊಳ್ಳೋದಕ್ಕೇ ಸಂಕೋಚ ಶುರುವಾಗಿತ್ತು. ಅಷ್ಟು ದುಡ್ಡು ಸುರಿದು ಮಾಡಿಸಿಕೊಂಡ ಆಪರೇಷನ್. ಮಗಳು ಒಂದು ತಿಂಗಳು ರಜೆ ಹಾಕಿ ಜೊತೆಗಿದ್ದಳು. ಬಂದವರೆಲ್ಲ "ಈಗ ಆರಾಮಾ?" ಅಂತಲೇ ಮಾತು ಶುರು ಮಾಡುತ್ತಿದ್ದರು. ಇಲ್ಲ ಅಂತ ಎಷ್ಟು ಜನಕ್ಕೆ ಹೇಳೋದು?

ನಾನು ತಿಪಟೂರಿನ ಕಡೆಯವಳು. 31 ವರ್ಷ ಪ್ರೈಮರಿ ಶಾಲೆಯಲ್ಲಿ ಪಾಠ ಮಾಡಿದ್ದೇನೆ, ಹೆಚ್ಚಿನ ದಿನ ನಿಂತುಕೊಂಡೇ. 2011ರ ಸುಮಾರಿಗೆ ಎರಡೂ ಮಂಡಿ ನೋಯೋಕೆ ಶುರುವಾಯಿತು, ಬಲಗಡೆ ಜಾಸ್ತಿ. ಸವೆದಿದೆ, ಮುಂದೆ ಬದಲಾಯಿಸಬೇಕಾಗುತ್ತೆ ಅಂತ ಡಾಕ್ಟರ್ ಆಗಲೇ ಹೇಳಿದ್ದರು. ಆಗ ಖರ್ಚು ಕೇಳಿ ಹೆದರಿದ್ದೆವು. 2017ರ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರ ಕೃತಕ ಮಂಡಿಯ ಬೆಲೆಗೆ ಮಿತಿ ಹಾಕಿತು. ಹೆಚ್ಚಾಗಿ ಬಳಸುವ ಕೋಬಾಲ್ಟ್ ಕ್ರೋಮಿಯಂ ಮಂಡಿ ಸರಾಸರಿ ಒಂದೂವರೆ ಲಕ್ಷ ಇದ್ದದ್ದು 54,720 ರೂಪಾಯಿಗೆ ಇಳಿಯಿತು, ತೆರಿಗೆ ಬೇರೆ. ಆಮೇಲೂ ನಾನು ಮುಂದೂಡುತ್ತಲೇ ಬಂದೆ. ನಿವೃತ್ತಿ ಆಗಲಿ ಅಂದೆ, ಮಗಳ ಮದುವೆ ಆಗಲಿ ಅಂದೆ, ಅಷ್ಟರಲ್ಲಿ ಕೊರೊನಾ ಬಂತು. ಕೊನೆಗೆ 2021ರ ನವೆಂಬರ್‌ನಲ್ಲಿ ಬೆಂಗಳೂರಿನಲ್ಲಿ ಬಲ ಮಂಡಿ ಮಾಡಿಸಿಕೊಂಡೆ. ಹತ್ತು ವರ್ಷ ಆ ನೋವಿನ ಜೊತೆ ಬದುಕಿದ್ದೆ. ಈ ಹತ್ತು ವರ್ಷದ ಲೆಕ್ಕ ಮುಂದೆ ಮತ್ತೆ ಬರುತ್ತದೆ.

ಆಪರೇಷನ್ ಸುಸೂತ್ರವಾಗಿ ಆಯಿತು. ಮಾರನೇ ದಿನವೇ ವಾಕರ್ ಹಿಡಿದು ನಿಲ್ಲಿಸಿದರು. ಎರಡು ವಾರಕ್ಕೆ ಪಿನ್ ತೆಗೆದರು. ಫಿಸಿಯೋ ಹುಡುಗಿ ಮನೆಗೇ ಬಂದು ವ್ಯಾಯಾಮ ಮಾಡಿಸಿದಳು. ಮಂಡಿ ಕೆಳಗೆ ದಿಂಬು ಇಟ್ಟುಕೊಂಡು ಮಲಗಬೇಡಿ ಅಂತ ದಿನಾ ಹೇಳುವಳು. ಹಾಗೆ ಮಲಗಿದರೆ ಹಾಯೆನಿಸುತ್ತದೆ, ಆದರೆ ಕಾಲು ನೆಟ್ಟಗೆ ಚಾಚುವುದನ್ನೇ ಮರೆತುಬಿಡುತ್ತದೆ. ಮೂರು ತಿಂಗಳಿಗೆ ನನ್ನ ಮಂಡಿ 112 ಡಿಗ್ರಿ ಮಡಚುತ್ತಿತ್ತು. ಕುರ್ಚಿಯಿಂದ ಏಳೋಕೆ 90ಕ್ಕಿಂತ ಸ್ವಲ್ಪ ಜಾಸ್ತಿ ಸಾಕು. ಲೆಕ್ಕದಲ್ಲಿ ನಾನು ಪಾಸಾಗಿದ್ದೆ.

ಹಳೆಯ ನೋವು, ಅಂದರೆ ಮೂಳೆಗೆ ಮೂಳೆ ಉಜ್ಜಿದ ಹಾಗಾಗುತ್ತಿದ್ದ ಆ ನೋವು, ನಿಜವಾಗಿ ಹೋಯಿತು. ಅದನ್ನು ನಾನು ಯಾವತ್ತೂ ಮರೆಮಾಚುವುದಿಲ್ಲ. ಆದರೆ ಅದರ ಜಾಗಕ್ಕೆ ಬೇರೆಯೇ ಒಂದು ಬಂತು. ಹೊಲಿಗೆ ಗುರುತಿನ ಒಳಬದಿಗೆ, ಎರಡು ಬೆರಳಗಲ ಜಾಗದಲ್ಲಿ ಉರಿ. ಹೊರಬದಿಗೆ ಅಂಗೈಯಗಲ ಜೋಮು, ಮುಟ್ಟಿದರೆ ಗೊತ್ತೇ ಆಗುತ್ತಿರಲಿಲ್ಲ. ಸಂಜೆಯಾದರೆ ಮಂಡಿ ಸುತ್ತ ಯಾರೋ ಪಟ್ಟಿ ಕಟ್ಟಿ ಬಿಗಿದ ಹಾಗೆ. ಸೀರೆಯ ನೆರಿಗೆ ತಾಗಿದರೂ ಚುರುಗುಟ್ಟುತ್ತಿತ್ತು. ಮನೆಯಲ್ಲಿ ಸೀರೆ ಬಿಟ್ಟು ಮೊಣಕಾಲಿನ ಮೇಲಕ್ಕೆ ನೈಟಿ ಎತ್ತಿ ಕಟ್ಟಿಕೊಂಡು ಓಡಾಡುತ್ತಿದ್ದೆ.

ಆರು ತಿಂಗಳಿಗೆ ತೋರಿಸೋಕೆ ಹೋದೆ. ಡಾಕ್ಟರ್ ಎಕ್ಸ್‌ರೇಯನ್ನು ಕಂಪ್ಯೂಟರಿನಲ್ಲಿ ದೊಡ್ಡದು ಮಾಡಿ ತೋರಿಸಿದರು. "ನೋಡಿ ಅಮ್ಮ, ಎಷ್ಟು ಚೆನ್ನಾಗಿ ಕೂತಿದೆ." ನಿಜ, ಚೆನ್ನಾಗಿಯೇ ಕೂತಿತ್ತು. ನಾನು ಉರಿಯ ಮಾತೆತ್ತಿದೆ. "ಒಂದು ವರ್ಷ ಟೈಮ್ ಕೊಡಿ" ಅಂದರು. ಮತ್ತೆ ಮೂರು ತಿಂಗಳು ಬಿಟ್ಟು ಹೋದೆ. ಮತ್ತೆ ಎಕ್ಸ್‌ರೇ, ಮತ್ತೆ ಚೆನ್ನಾಗಿದೆ. ಈ ಸಲ ಅವರು ನನ್ನ ಬದಲು ಮಗಳ ಮುಖ ನೋಡಿ, "ಅಮ್ಮಂಗೆ ಸ್ವಲ್ಪ ಧೈರ್ಯ ಹೇಳಿ, ಮನಸ್ಸಿಗೆ ಹಚ್ಚಿಕೊಂಡಿದ್ದಾರೆ" ಅಂದರು. ಎರಡು ಸಲವೂ ಅವರು ನನ್ನ ಮಂಡಿಯನ್ನು ಕೈಯಿಂದ ಮುಟ್ಟಿ ನೋಡಲಿಲ್ಲ. ಕೈಗುಣದ ಡಾಕ್ಟರ್ ಅವರು, ಆಪರೇಷನ್ ಮಟ್ಟಿಗೆ ಏನೂ ತಪ್ಪಿಲ್ಲ. ಆದರೂ ಆ ದಿನ ರೈಲಿನಲ್ಲಿ ಊರಿಗೆ ಬರುವಾಗ ತುಮಕೂರು ದಾಟೋವರೆಗೂ ಅಳುತ್ತಲೇ ಇದ್ದೆ.

ಆಮೇಲಿನ ಕೆಲವು ತಿಂಗಳು ನಾನು ಮಾಡಿದ ತಪ್ಪುಗಳನ್ನು ಹೇಳಲೇಬೇಕು, ಯಾಕೆಂದರೆ ಇವನ್ನು ಎಷ್ಟೋ ಜನ ಮಾಡುತ್ತಾರೆ. ಮೆಡಿಕಲ್ ಶಾಪ್‌ನಲ್ಲಿ ಚೀಟಿ ಇಲ್ಲದೆ ನೋವಿನ ಮಾತ್ರೆ ತರಿಸಿ ನುಂಗಿದೆ. ಡೈಕ್ಲೊಫೆನಾಕ್, ದಿನಕ್ಕೆ ಎರಡು, ಕೆಲವು ದಿನ ಮೂರು. ನನಗೆ ಬಿಪಿ ಬೇರೆ ಇದೆ. ಎರಡು ತಿಂಗಳಾದ ಮೇಲೆ ಬಿಪಿ ತೋರಿಸೋಕೆ ಹೋದಾಗ ನಮ್ಮೂರಿನ ಡಾಕ್ಟರ್ ರಕ್ತ ಪರೀಕ್ಷೆ ಮಾಡಿಸಿದರು. ಕಿಡ್ನಿ ಹೇಗಿದೆ ಅಂತ ತಿಳಿಸುವ ಕ್ರಿಯಾಟಿನಿನ್ 1.4 ಬಂತು. ಮೊದಲು 0.9 ಇತ್ತು. ಅವರು ಸಿಟ್ಟು ಮಾಡಲಿಲ್ಲ. ಸುಮ್ನೆ ರಕ್ತ ಪರೀಕ್ಷೆಯ ಚೀಟಿ ನನ್ನ ಮುಂದಿಟ್ಟು, "ಟೀಚರ್, ಮಂಡಿ ನೋವಿಗೆ ಕಿಡ್ನಿ ಕೊಡ್ತೀರಾ?" ಅಂದರು. ಅವತ್ತೇ ನಿಲ್ಲಿಸಿದೆ. ಆರು ವಾರದಲ್ಲಿ 1.0ಕ್ಕೆ ಬಂತು. ಎಲ್ಲರಿಗೂ ಹಾಗೆ ವಾಪಸ್ ಬರುತ್ತದೆ ಅನ್ನೋ ಭರವಸೆ ಇಲ್ಲ.

ಇನ್ನೊಂದು ತಪ್ಪು ಕೂದಲೆಳೆಯಲ್ಲಿ ತಪ್ಪಿತು. ನಮ್ಮ ಓರಗಿತ್ತಿ ಅವಳ ತವರಿನ ಕಡೆ ಮೂಳೆ ಕೂರಿಸುವವರ ಹತ್ತಿರ ಎಣ್ಣೆ ಹಾಕಿ ನೀವಿಸೋಣ ಬಾ ಅಕ್ಕ ಅಂತ ಬಲವಂತ ಮಾಡಿದಳು. ಪ್ರೀತಿಯಿಂದಲೇ ಹೇಳಿದಳು. ಕಾರು ಹೊರಡಿಸಿದ್ದೂ ಆಗಿತ್ತು. ಮಗಳು ಫೋನಿನಲ್ಲೇ ಅತ್ತು ತಡೆದಳು. ಒಳಗಿರುವುದು ಲೋಹ, ನಡುವೆ ಪ್ಲಾಸ್ಟಿಕ್, ಮೂಳೆಗೆ ಅಂಟಿಸಿರುವುದು ಸಿಮೆಂಟು. ಅದನ್ನು ಜಗ್ಗಿ ತಿರುಚಿದರೆ ಏನಾಗಬಹುದು ಅಂತ ಈಗ ಯೋಚಿಸಿದರೆ ಎದೆ ಝಲ್ಲೆನ್ನುತ್ತದೆ.

ಆ ನಮ್ಮೂರಿನ ಡಾಕ್ಟರೇ ದಾರಿ ತೋರಿಸಿದ್ದು. "ನೋವು ಮನಸ್ಸಿನದು ಅಂತ ಹೇಳೋ ಮುಂಚೆ ದೇಹದ ಕಾರಣ ಒಂದೊಂದಾಗಿ ತೆಗೆದುಹಾಕಬೇಕು. ಅದನ್ನ ಯಾರೂ ಮಾಡಿಲ್ಲ" ಅಂದರು. ಬೇರೆ ಮೂಳೆ ಡಾಕ್ಟರಿಗೆ ಚೀಟಿ ಬರೆದುಕೊಟ್ಟರು. ಆ ಎರಡನೇ ಡಾಕ್ಟರ್ ಮೊದಲು ಇಎಸ್‌ಆರ್, ಸಿಆರ್‌ಪಿ ಅನ್ನೋ, ಸೋಂಕಿನ ಸುಳಿವು ಕೊಡುವ ರಕ್ತ ಪರೀಕ್ಷೆ ಬರೆದರು. ಒಳಗೆ ಸೋಂಕು ಇದ್ದರೆ ಜ್ವರ ಇಲ್ಲದೆಯೂ ಅದು ಮೆಲ್ಲಗೆ ಕೂತಿರಬಹುದಂತೆ. ಎರಡೂ ಸರಿ ಇದ್ದವು. ಅವು ಏರಿದ್ದರೆ ಮಂಡಿಯಿಂದ ನೀರು ತೆಗೆದು ಪರೀಕ್ಷೆ ಮಾಡಬೇಕಿತ್ತು. ಆಮೇಲೆ ನಿಲ್ಲಿಸಿ ಎಕ್ಸ್‌ರೇ, ಸೊಂಟದಿಂದ ಪಾದದವರೆಗೂ. ಮಲಗಿಸಿ ತೆಗೆದದ್ದರಲ್ಲಿ ಕಾಣದ ಓರೆ ನಿಂತಾಗ ಕಾಣುತ್ತದೆ. ಕೃತಕ ಭಾಗ ಸಡಿಲವಾಗಿದೆಯಾ, ಮಂಡಿಚಿಪ್ಪು ಸರಿಯಾದ ದಾರಿಯಲ್ಲಿ ಜಾರುತ್ತಿದೆಯಾ, ಮಂಡಿ ಅಕ್ಕಪಕ್ಕ ಅಲ್ಲಾಡುತ್ತಿದೆಯಾ ಅಂತೆಲ್ಲ ನೋಡಿದರು. ಸೊಂಟದ ಕೀಲು ತಿರುಗಿಸಿ ನೋಡಿದರು, ಬೆನ್ನು ಬಗ್ಗಿಸಿ ನೋಡಿದರು. ಸೊಂಟ ಸವೆದಿದ್ದರೂ ನೋವು ಮಂಡಿಯಲ್ಲಿ ಬರುತ್ತದೆ ಅನ್ನೋದು ನನಗೆ ಗೊತ್ತೇ ಇರಲಿಲ್ಲ. ಎಲ್ಲ ಆದ ಮೇಲೆ, "ನಿಮ್ಮ ಮಂಡಿಯಲ್ಲಿ ರಿಪೇರಿ ಮಾಡೋ ಅಂಥದ್ದು ಏನೂ ಇಲ್ಲ, ಇನ್ನೊಂದು ಆಪರೇಷನ್ ಯಾರಾದ್ರೂ ಹೇಳಿದ್ರೂ ಒಪ್ಪಬೇಡಿ. ಆದ್ರೆ ನೋವು ಇದೆ. ಪೇನ್ ಕ್ಲಿನಿಕ್‌ಗೆ ಹೋಗಿ" ಅಂದರು.

ನೋವಿಗೇ ಬೇರೆ ಡಾಕ್ಟರ್ ಇರುತ್ತಾರೆ ಅನ್ನೋದು ಅವತ್ತಿನವರೆಗೂ ನನಗೆ ಗೊತ್ತಿರಲಿಲ್ಲ. ಹೆಚ್ಚಿನವರು ಅರಿವಳಿಕೆ ಓದಿ, ಆಮೇಲೆ ನೋವಿನ ಚಿಕಿತ್ಸೆಯನ್ನೇ ಪ್ರತ್ಯೇಕವಾಗಿ ಕಲಿತವರು.

2022ರ ಡಿಸೆಂಬರ್. ಚಳಿಗೆ ಮಂಡಿ ಕೊರಡಾಗಿತ್ತು. ಪೇನ್ ಕ್ಲಿನಿಕ್‌ನ ಡಾಕ್ಟರ್ ಹೆಣ್ಣುಮಗಳು, ನನ್ನ ಮಗಳಿಗಿಂತ ನಾಲ್ಕೈದು ವರ್ಷ ದೊಡ್ಡವರಿರಬಹುದು. ಫೈಲನ್ನು ಪಕ್ಕಕ್ಕಿಟ್ಟರು. ಸ್ಟೂಲು ಎಳೆದುಕೊಂಡು ನನ್ನ ಕಾಲ ಹತ್ತಿರ ಕೂತರು. "ಎಲ್ಲಿ ನೋಯುತ್ತೆ? ಬೆರಳಿಟ್ಟು ತೋರಿಸಿ. ಒಂದೇ ಬೆರಳು" ಅಂದರು.

ಹದಿಮೂರು ತಿಂಗಳಲ್ಲಿ ಯಾರೂ ಈ ಪ್ರಶ್ನೆ ಕೇಳಿರಲಿಲ್ಲ. ನಾನು ಹೊಲಿಗೆ ಗುರುತಿನ ಒಳಬದಿಗೆ ಬೆರಳಿಟ್ಟೆ. ಅವರು ಪೆನ್ನಿನಲ್ಲಿ ಅಲ್ಲೊಂದು ಚುಕ್ಕೆ ಇಟ್ಟರು. ಆಮೇಲೆ ಬೆರಳ ತುದಿಯಿಂದ ಸುತ್ತ ಮೆಲ್ಲಗೆ ತಟ್ಟುತ್ತಾ ಬಂದರು. ಚುಕ್ಕೆಯ ಮೇಲೆ ತಟ್ಟಿದಾಗ ಕರೆಂಟು ಹೊಡೆದ ಹಾಗೆ ಮೀನಖಂಡದ ಮೇಲ್ಭಾಗದವರೆಗೂ ಜುಮ್ಮೆಂದಿತು. ಹತ್ತಿಯ ಎಳೆ ಸವರಿದರು. ಎಡಗಾಲಿಗೆ ಹತ್ತಿಯ ಹಾಗೇ ಇತ್ತು, ಬಲಗಾಲಿಗೆ ಮುಳ್ಳಿನ ಹಾಗೆ. ಕಣ್ಣು ಮುಚ್ಚಿಕೊಂಡು ಹೇಳಿ ಅಂದರು. ನಾನು ಹೇಳಿದ ಕಡೆಯೆಲ್ಲ ಪೆನ್ನಿನಲ್ಲಿ ಗೆರೆ ಎಳೆದು ಕೊನೆಗೆ ಕಣ್ಣು ತೆರೆಸಿದರು. ನನ್ನ ಮಂಡಿಯ ಮೇಲೆ ನೀಲಿ ಗೆರೆಯಲ್ಲಿ ಒಂದು ನಕ್ಷೆ ಮೂಡಿತ್ತು. ಜೋಮಿನ ಜಾಗ ಒಂದು, ಉರಿಯ ಜಾಗ ಒಂದು. "ನೋಡಿ, ಇದೇ ನಿಮ್ಮ ನೋವು" ಅಂದರು. ಎಕ್ಸ್‌ರೇಯಲ್ಲಿ ಇಲ್ಲದ್ದು ಅಲ್ಲಿ ಕಣ್ಣಿಗೆ ಕಂಡಿತು. ನಾನು ಮತ್ತೆ ಅತ್ತೆ, ಆದರೆ ಈ ಅಳು ಬೇರೆ.

ಅವರು ಬಿಡಿಸಿ ಹೇಳಿದ್ದು ಇಷ್ಟು. ಮಂಡಿಯ ಮುಂಭಾಗದಲ್ಲಿ ಒಳಬದಿಯಿಂದ ಹೊರಬದಿಗೆ ಒಂದು ಸಣ್ಣ ನರ ಹಾದುಹೋಗುತ್ತದೆ, ಚರ್ಮಕ್ಕೆ ಸ್ಪರ್ಶ ತಿಳಿಸುವ ನರ. ಮಂಡಿಯ ನಡುವೆ ಉದ್ದಕ್ಕೆ ಕೊಯ್ದಾಗ ಅದರ ಎಳೆಗಳು ಕತ್ತರಿಸುತ್ತವೆ. ಅದನ್ನು ತಪ್ಪಿಸೋಕೆ ಆಗೋದು ಕಷ್ಟ. ಹಾಗಾಗಿಯೇ ಬಹಳಷ್ಟು ಜನಕ್ಕೆ ಹೊರಬದಿಗೆ ಜೋಮು ಉಳಿಯುತ್ತದೆ, ಅದರಿಂದ ತೊಂದರೆ ಏನಿಲ್ಲ. ಕೆಲವರಿಗೆ ಮಾತ್ರ ಕತ್ತರಿಸಿದ ತುದಿ ಗಂಟು ಕಟ್ಟಿಕೊಂಡು ಸುಮ್ಮಸುಮ್ಮನೆ ಸುದ್ದಿ ಕಳಿಸುತ್ತಲೇ ಇರುತ್ತದೆ. ನನ್ನದು ಅದು.

ಜೊತೆಗೆ ಇನ್ನೊಂದು. "ನಿಮ್ಮ ಊರಲ್ಲಿ ಹಳೇ ಸೇದೋ ಬಾವಿ ಇದೆಯಾ?" ಅಂತ ಕೇಳಿದರು. ಇದೆ ಅಂದೆ. "ಕಟ್ಟೆ ಕಲ್ಲಿನ ಮೇಲೆ ಹಗ್ಗ ಉಜ್ಜಿ ಉಜ್ಜಿ ಜಾಡು ಬಿದ್ದಿರುತ್ತಲ್ಲ, ಹಗ್ಗ ಎಲ್ಲಿ ಬಿಟ್ಟರೂ ಜಾರಿ ಅದೇ ಜಾಡಿಗೆ ಬಂದು ಕೂರುತ್ತೆ. ಹತ್ತು ವರ್ಷ ನೋವು ಹರಿದ ದಾರಿ ಮಿದುಳಲ್ಲಿ, ಬೆನ್ನುಹುರಿಯಲ್ಲಿ ಹಾಗೇ ಕೊರೆದುಕೊಂಡಿರುತ್ತೆ. ಈಗ ಸಣ್ಣ ಸ್ಪರ್ಶ ಹೋದ್ರೂ ಅದೇ ದಾರಿ ಹಿಡಿಯುತ್ತೆ." ನಮ್ಮ ಹಿತ್ತಲಿನ ಬಾವಿಕಟ್ಟೆ ನನ್ನ ಕಣ್ಣಿಗೆ ಕಟ್ಟಿತು. ಅತ್ತೆಯವರ ಕಾಲದ್ದು. ಬೆರಳು ಮುಳುಗುವಷ್ಟು ಆಳದ ನಾಲ್ಕು ಜಾಡುಗಳಿವೆ ಆ ಕಲ್ಲಿನಲ್ಲಿ.

ಆಪರೇಷನ್‌ಗೆ ಮುಂಚೆ ತುಂಬಾ ವರ್ಷ ನೋವು ತಿಂದವರಿಗೆ, ಮೈಯ ಬೇರೆ ಕಡೆಯೂ ನೋವಿದ್ದವರಿಗೆ, ನಿದ್ದೆ ಕೆಟ್ಟವರಿಗೆ ಹೀಗೆ ಉಳಿಯುವ ಸಾಧ್ಯತೆ ಜಾಸ್ತಿಯಂತೆ. ಮಂಡಿ ಬದಲಾಯಿಸಿಕೊಂಡವರಲ್ಲಿ ಹೆಚ್ಚುಕಡಿಮೆ ಐವರಲ್ಲಿ ಒಬ್ಬರಿಗೆ ಯಾವುದಾದರೂ ಒಂದು ಮಟ್ಟದ ನೋವು ಉಳಿಯುತ್ತದೆ ಅಂದರು. ಕೇಳಿ ದಂಗಾದೆ. ನನ್ನ ಶಾಲೆಯಲ್ಲಿ ಮೂವತ್ತು ಮಕ್ಕಳ ತರಗತಿಯಲ್ಲಿ ಆರು ಮಕ್ಕಳಿಗೆ ಒಂದೇ ತೊಂದರೆ ಇದ್ದರೆ, ಅದನ್ನು ಅಪರೂಪ ಅಂತ ಯಾರಾದರೂ ಹೇಳುತ್ತಾರಾ? ಆಪರೇಷನ್‌ಗೆ ಸಹಿ ಹಾಕಿಸಿಕೊಳ್ಳುವ ದಿನ ಈ ಒಂದು ಮಾತು ಹೇಳಿದ್ದರೆ ನಾನು ಆಗಲೂ ಮಾಡಿಸಿಕೊಳ್ಳುತ್ತಿದ್ದೆ. ಆದರೆ ಒಂಬತ್ತು ತಿಂಗಳು ನನ್ನದೇ ಏನೋ ತಪ್ಪು ಅಂತ ಕೊರಗುತ್ತಿರಲಿಲ್ಲ.

ಮೂರು ವಾರ ಬಿಟ್ಟು ಆ ಚುಕ್ಕೆಯ ಜಾಗಕ್ಕೆ ಒಂದು ಇಂಜೆಕ್ಷನ್ ಕೊಟ್ಟರು. ಸ್ಕ್ಯಾನ್ ಪರದೆಯಲ್ಲಿ ನೋಡುತ್ತಾ, ಚರ್ಮದ ಕೆಳಗಿನ ನರದ ಪಕ್ಕಕ್ಕೆ. ಸೂಜಿ ಕೀಲಿನ ಒಳಗೆ ಹೋಗುವುದಿಲ್ಲ ಅಂತ ಎರಡೆರಡು ಸಲ ಹೇಳಿದರು. ಕೃತಕ ಕೀಲಿಗೆ ಸುಮ್ಮನೆ ಸೂಜಿ ಚುಚ್ಚಬಾರದು, ಸೋಂಕಿನ ಭಯ. ಹತ್ತು ನಿಮಿಷ ಕೂರಿಸಿ, ಎದ್ದು ನಡೆಯಿರಿ ಅಂದರು.

ನಡೆದೆ. ನೋವಿಲ್ಲ. ಆಸ್ಪತ್ರೆಯ ಉದ್ದದ ಜಗುಲಿಯಲ್ಲಿ ಈ ತುದಿಯಿಂದ ಆ ತುದಿಗೆ ಹೋದೆ, ತಿರುಗಿ ಬಂದೆ, ಮತ್ತೆ ಹೋದೆ. ಸೀರೆ ತಾಗುತ್ತಿತ್ತು, ಬರೀ ಸೀರೆ ತಾಗಿದ ಹಾಗೇ ಇತ್ತು. ಮಗಳು ಬೆಂಚಿನ ಮೇಲೆ ಕೂತು ನೋಡುತ್ತಿದ್ದಳು. "ಅಮ್ಮ ಸಾಕು, ಸುಸ್ತಾಗುತ್ತೆ" ಅಂದಳು. ನಾಲ್ಕು ಗಂಟೆ ಹಾಗೇ ಇತ್ತು. ಸಂಜೆ ಅವಳ ಮನೆಯಲ್ಲಿ ಕಾಫಿ ಕುಡಿಯುವಾಗ ಮೆಲ್ಲಗೆ ವಾಪಸ್ ಬಂತು. ಆದರೆ ಎಲ್ಲಿಂದ ಬರುತ್ತಿದೆ ಅನ್ನೋದು ಖಚಿತವಾಗಿತ್ತು. ಮೂರು ತಿಂಗಳಾದ ಮೇಲೆ ಕೊಟ್ಟ ಎರಡನೇ ಇಂಜೆಕ್ಷನ್ ಆರು ವಾರ ನೋವನ್ನು ತಡೆಹಿಡಿಯಿತು. ನರವನ್ನು ಬಿಸಿಯಿಂದ ಸುಟ್ಟು ಮಂಕು ಮಾಡುವ ಚಿಕಿತ್ಸೆಯೂ ಇದೆಯಂತೆ. ಬೇಕಾದರೆ ಮುಂದೆ ನೋಡೋಣ ಅಂದಿದ್ದಾರೆ. ಇಲ್ಲಿಯವರೆಗೆ ಬೇಕಾಗಿಲ್ಲ.

ಮಾತ್ರೆಯಲ್ಲಿ ಮೊದಲು ಪ್ರಿಗ್ಯಾಬಲಿನ್ ಕೊಟ್ಟರು. ಉರಿ ಕಡಿಮೆಯಾಯಿತು, ಆದರೆ ತಲೆ ಸುತ್ತು, ಪಾದ ಊತ. ಒಂದು ಬೆಳಿಗ್ಗೆ ಬಚ್ಚಲಲ್ಲಿ ಗೋಡೆ ಹಿಡಿಯದಿದ್ದರೆ ಬಿದ್ದೇ ಬಿಡುತ್ತಿದ್ದೆ. ಹೊಸ ಮಂಡಿ ಇರುವವರು ಬೀಳುವ ಹಾಗಿಲ್ಲ. ಫೋನ್ ಮಾಡಿದೆ, ಮೆಲ್ಲಗೆ ಇಳಿಸುತ್ತಾ ನಿಲ್ಲಿಸಿದರು. ಆಮೇಲೆ ಡುಲಾಕ್ಸೆಟಿನ್. ಇದು ಖಿನ್ನತೆಗೂ ಕೊಡುವ ಮಾತ್ರೆ. ಮೆಡಿಕಲ್ ಶಾಪ್‌ನ ಹುಡುಗ "ಇದು ಟೆನ್ಷನ್ ಮಾತ್ರೆ ಅಲ್ವಾ?" ಅಂದಾಗ ಮುಖ ಸಣ್ಣದಾಯಿತು. ನೋವಿನ ಸುದ್ದಿಯನ್ನು ಬೆನ್ನುಹುರಿಯಲ್ಲೇ ತಗ್ಗಿಸುವ ಕೆಲಸವನ್ನೂ ಅದು ಮಾಡುತ್ತದೆ ಅಂತ ಡಾಕ್ಟರ್ ಮೊದಲೇ ವಿವರಿಸಿದ್ದರಿಂದ ಧೈರ್ಯವಾಗಿ ತೆಗೆದುಕೊಂಡೆ. ಮೊದಲ ಎರಡು ವಾರ ಹೊಟ್ಟೆ ತೊಳೆಸುತ್ತಿತ್ತು. ಊಟದ ಜೊತೆ ತೆಗೆದುಕೊಂಡ ಮೇಲೆ ಸರಿಹೋಯಿತು. ಅದನ್ನು ನಾವಾಗಿಯೇ ಥಟ್ಟನೆ ನಿಲ್ಲಿಸಬಾರದು, ಬೇರೆ ಯಾವ ಮಾತ್ರೆ ಇದ್ದರೂ ಮೊದಲೇ ಹೇಳಬೇಕು. ನನಗೆ ಹೊಂದಿದ್ದು ನಿಮಗೆ ಹೊಂದಬೇಕು ಅಂತಿಲ್ಲ. ಪ್ರಮಾಣ ಬರೆಯದೇ ಇರೋದು ಅದಕ್ಕೇ.

ಮಾತ್ರೆಗಿಂತ ಜಾಸ್ತಿ ಕೆಲಸ ಮಾಡಿದ್ದು ಮುಟ್ಟಿಸುವ ಅಭ್ಯಾಸ ಅಂತ ನನ್ನ ನಂಬಿಕೆ. ಚರ್ಮಕ್ಕೆ ಸ್ಪರ್ಶವನ್ನು ಹೊಸದಾಗಿ ಕಲಿಸುವುದು. ದಿನಕ್ಕೆ ಮೂರು ಸಲ, ಐದೈದು ನಿಮಿಷ. ಮೊದಲ ವಾರ ಹತ್ತಿ. ಅದೂ ಉರಿಯ ಜಾಗಕ್ಕಲ್ಲ, ಅದರ ಅಂಚಿಗೆ, ಒಂದೊಂದು ದಿನ ಒಂದು ಕೂದಲೆಳೆಯಷ್ಟು ಒಳಕ್ಕೆ. ಆಮೇಲೆ ನನ್ನ ಧಾರೆ ಸೀರೆಯ ಸೆರಗು, ರೇಷ್ಮೆ. ಆಮೇಲೆ ಹಳೇ ಕಾಟನ್ ಪಂಚೆ. ಎರಡು ತಿಂಗಳಿಗೆ ಟರ್ಕಿ ಟವೆಲ್. ಟವೆಲ್ ಶುರು ಮಾಡಿದ ದಿನ ಹಲ್ಲು ಕಚ್ಚಿಕೊಂಡು ಕೂತಿದ್ದೆ. ಒಂದನೇ ತರಗತಿ ಮಕ್ಕಳಿಗೆ ಮರಳಿನ ಮೇಲೆ ಬೆರಳಿಂದ ಅ, ಆ ತೀಡಿಸುತ್ತಿದ್ದೆವಲ್ಲ, ಒಂದೇ ಅಕ್ಷರ ನೂರು ಸಲ. ಅದೇ ತಾಳ್ಮೆ ಬೇಕಾಯಿತು. ಐದನೇ ತಿಂಗಳಿನಲ್ಲಿ ಒಂದು ದಿನ ಬೆಡ್‌ಶೀಟ್ ಹೊದ್ದು ಬೆಳಗಿನವರೆಗೂ ಮಲಗಿದ್ದೆ. ಎದ್ದ ಮೇಲೆ ಗೊತ್ತಾಯಿತು.

ನನಗೆ ಅತಿ ಕಷ್ಟವಾದದ್ದು ಅಳತೆ ಕಲಿಯುವುದು. ನೋವು ಕಡಿಮೆ ಇದ್ದ ದಿನ ಬಾಕಿ ಕೆಲಸವೆಲ್ಲ ಮಾಡಿ ಮುಗಿಸುವುದು, ಮಾರನೇ ದಿನ ಏಳಲಾಗದೆ ಮಲಗುವುದು. 2023ರ ಗೌರಿ ಹಬ್ಬದಲ್ಲಿ ಹೀಗೇ ಆಯಿತು. ಬೆಳಿಗ್ಗೆ ಐದಕ್ಕೆ ಎದ್ದು ನಿಂತೇ ಕಡುಬು, ಒಬ್ಬಟ್ಟು, ಹನ್ನೆರಡು ಜನಕ್ಕೆ ಅಡುಗೆ. ಕಾಲು ಹಗುರಾಗಿತ್ತು, ಉಮೇದು ಬಂತು. ಆಮೇಲೆ ನಾಲ್ಕು ದಿನ ಹಾಸಿಗೆ. ಫಿಸಿಯೋ ಹುಡುಗಿ ಬಂದು ಬೈಯಲಿಲ್ಲ, ಒಂದು ನೋಟ್‌ಬುಕ್ ತರಿಸಿದಳು. ಎಷ್ಟು ಹೊತ್ತು ನಿಂತರೆ ನೋವು ಏರುತ್ತದೆ ಬರೆಯಿರಿ, ಒಂದು ವಾರ. ಬರೆದೆ. ಇಪ್ಪತ್ತು ನಿಮಿಷ. "ಹಾಗಾದ್ರೆ ಹದಿನೈದಕ್ಕೆ ಕೂತ್ಕೊಳ್ಳಿ ಆಂಟಿ. ನೋವು ಬಂದ ಮೇಲೆ ಅಲ್ಲ, ಬರೋದಕ್ಕೆ ಮುಂಚೆ. ಚೆನ್ನಾಗಿರೋ ದಿನವೂ ಹದಿನೈದೇ, ಕೆಟ್ಟ ದಿನವೂ ಆದಷ್ಟು ಅಷ್ಟೇ." ಅಡುಗೆಮನೆಯಲ್ಲಿ ಎತ್ತರದ ಸ್ಟೂಲು ಬಂತು. ಮೊಬೈಲಿನಲ್ಲಿ ಗಂಟೆ ಇಟ್ಟುಕೊಂಡೆ. ಎರಡು ವಾರಕ್ಕೊಮ್ಮೆ ಎರಡು ನಿಮಿಷ ಏರಿಸುತ್ತಾ ಈಗ ನಲವತ್ತಕ್ಕೆ ಬಂದಿದ್ದೇನೆ.

ತೆಂಗಿನ ನಾಡಿನವಳಿಗೆ ತುರಿಯುವ ಮಣೆ ಬಿಡುವುದು ಎಷ್ಟು ಕಷ್ಟ ಅಂತ ಹೇಗೆ ಹೇಳಲಿ. ನೆಲದ ಮೇಲೆ ಒಂದು ಮಂಡಿ ಮಡಚಿ ಕೂತು ತುರಿದರೇನೇ ನನಗೆ ಕಾಯಿ ತುರಿದ ಹಾಗೆ. ಈಗ ಕಟ್ಟೆಗೆ ತಿರುಪು ಹಾಕಿ ಕೂರಿಸುವ ತುರಿಮಣೆ ಇದೆ, ಹಿಡಿ ತಿರುಗಿಸುವುದು. ಕಮೋಡ್ ಪಕ್ಕ ಗೋಡೆಗೆ ಕಂಬಿ ಹಾಕಿಸಿದ್ದೇವೆ. ಪೂಜೆ ಕುರ್ಚಿಯ ಮೇಲೆ ಕೂತೇ. ಮೊದಮೊದಲು ದೇವರ ಮುಂದೆ ಕುರ್ಚಿ ಹಾಕಿಕೊಳ್ಳೋಕೆ ಮನಸ್ಸು ಒಪ್ಪಲಿಲ್ಲ. ಈಗ ಒಪ್ಪಿದೆ. ರಂಗೋಲಿ ಮಾತ್ರ ಬಿಟ್ಟಿಲ್ಲ. ಬಾಗಿಲ ಮುಂದಿನ ಜಗುಲಿ ಸೊಂಟದೆತ್ತರ ಇದೆ, ಅದರ ಮೇಲೆ ಸಣ್ಣದಾಗಿ ಬಿಡುತ್ತೇನೆ.

ಮೆಟ್ಟಿಲಿಗೆ ಒಂದು ಪಾಠ ಇದೆ. ಹತ್ತುವಾಗ ಒಳ್ಳೇ ಕಾಲು ಮೊದಲು, ಇಳಿಯುವಾಗ ನೋವಿನ ಕಾಲು ಮೊದಲು. ಬಸ್ಸಿನ ಮೊದಲ ಮೆಟ್ಟಿಲು ಈಗಲೂ ನನಗೆ ಎತ್ತರವೇ. ರೈಲಿನಲ್ಲಿ ಪರವಾಗಿಲ್ಲ, ಕಂಬಿ ಹಿಡಿಯಬಹುದು. ತೊಡೆಯ ಮುಂದಿನ ಸ್ನಾಯು ಗಟ್ಟಿಯಾದಷ್ಟೂ ಇದೆಲ್ಲ ಸುಲಭ. ಕಾಲು ನೆಟ್ಟಗೆ ಎತ್ತಿ ಐದು ಎಣಿಸುವ ವ್ಯಾಯಾಮವನ್ನು ಮೂರು ವರ್ಷವಾದರೂ ಬಿಟ್ಟಿಲ್ಲ, ಎಡಗಾಲಿಗೂ ಮಾಡುತ್ತೇನೆ. ಎಡ ಮಂಡಿಯೂ ಸವೆದಿದೆ, ಅದನ್ನು ಎಷ್ಟು ದೂರ ತಳ್ಳಬಹುದೋ ನೋಡೋಣ ಅಂತ. ಬದಲಾಯಿಸುವ ದಿನ ಬಂದರೆ ಈ ಸಲ ನಿದ್ದೆ, ನೋವು ಎರಡನ್ನೂ ಮೊದಲೇ ಹದಕ್ಕೆ ತಂದುಕೊಂಡು, ಪೇನ್ ಡಾಕ್ಟರಿಗೂ ಹೇಳಿಯೇ ಹೋಗುತ್ತೇನೆ.

ಈಗ ನೋವು ಎಷ್ಟಿದೆ ಅಂತ ಕೇಳಿದರೆ, ಹತ್ತಕ್ಕೆ ಮೂರು. ಕೆಲವು ದಿನ ಎರಡು, ಚಳಿಗಾಲದಲ್ಲಿ ನಾಲ್ಕು. ಮೊದಲು ಏಳೆಂಟು ಇತ್ತು. ಸೊನ್ನೆ ಆಗಬಹುದು ಅಂತ ಯಾರೂ ನನಗೆ ಹೇಳಿಲ್ಲ, ನಾನೂ ಕೇಳುವುದು ಬಿಟ್ಟಿದ್ದೇನೆ. ಮಂಡಿ ಇದ್ದಕ್ಕಿದ್ದಂತೆ ಊದಿ ಬಿಸಿಯಾದರೆ, ಜ್ವರ ಬಂದರೆ, ಹೊಲಿಗೆಯಲ್ಲಿ ನೀರಾಡಿದರೆ, ಮೀನಖಂಡ ಊದಿ ನೋಯತೊಡಗಿದರೆ ಹಳೇ ನೋವೇ ಇರಬೇಕು ಅಂತ ಕಾಯಬಾರದು. ಅವತ್ತೇ ಆಸ್ಪತ್ರೆಗೆ ಹೋಗಬೇಕು. ಇದನ್ನು ನೋಟ್‌ಬುಕ್ಕಿನ ಮೊದಲ ಪುಟದಲ್ಲೇ ಕೆಂಪು ಪೆನ್ನಿನಲ್ಲಿ ಬರೆದಿಟ್ಟಿದ್ದೇನೆ, ಮನೆಯವರೆಲ್ಲ ಓದಲಿ ಅಂತ.

ಹೋದ ತಿಂಗಳು ನಮ್ಮ ಬೀದಿಯ ಹೆಣ್ಣುಮಗಳೊಬ್ಬಳು ಬಂದಿದ್ದಳು. ಆಪರೇಷನ್ ಆಗಿ ಏಳು ತಿಂಗಳು. ಪ್ಲಾಸ್ಟಿಕ್ ಕವರಿನಲ್ಲಿ ಎಕ್ಸ್‌ರೇ ಹಿಡಿದುಕೊಂಡಿದ್ದಳು. "ಎಲ್ಲ ಸರಿ ಇದೆ ಅಂತಾರೆ ಟೀಚರ್, ನನಗೆ ಮಾತ್ರ ನೋವು" ಅಂದಳು. ಎಕ್ಸ್‌ರೇ ಟೇಬಲ್ ಮೇಲಿಡಿಸಿ, ಕುರ್ಚಿಯಲ್ಲಿ ಕೂರಿಸಿ, "ಎಲ್ಲಿ ನೋಯುತ್ತೆ, ಬೆರಳಿಟ್ಟು ತೋರಿಸಮ್ಮ" ಅಂದೆ. ಅವಳ ಬೆರಳು ನನ್ನ ಜಾಗಕ್ಕೆ ಹೋಗಲಿಲ್ಲ. ಚಿಪ್ಪಿನ ಮೇಲೆಯೇ ನಿಂತಿತು. "ಮೆಟ್ಟಿಲು ಇಳಿಯೋವಾಗ ಜಾಸ್ತಿನಾ?" ಹೌದು ಅಂದಳು. ಸಂಜೆಗೆ ಬಿಸಿಯಾಗುತ್ತದೆ ಅಂತಲೂ ಅಂದಳು. ನನ್ನ ಮಾತ್ರೆಯ ಹೆಸರು ಕೇಳಿದಳು, ಕೊಡಲಿಲ್ಲ. ನಮ್ಮೂರಿನ ಡಾಕ್ಟರಿಗೆ ಫೋನ್ ಮಾಡಿ ಹೊತ್ತು ಗೊತ್ತು ಮಾಡಿದೆ. ನೋಟ್‌ಬುಕ್ಕಿನ ಹಾಳೆ ಹರಿದು ಅವಳೇ ಬರೆದುಕೊಳ್ಳಲಿ ಅಂತ ಕೊಟ್ಟೆ. ಯಾವ ಜಾಗ, ಯಾವ ಹೊತ್ತು, ಏನು ಮಾಡಿದಾಗ ಏರುತ್ತದೆ, ರಾತ್ರಿ ಎಷ್ಟು ನಿದ್ದೆ. ಅವಳು ಬರೆಯುತ್ತಿದ್ದಾಗ ನನ್ನ ಮೊಬೈಲಿನ ಗಂಟೆ ಹೊಡೆಯಿತು, ನಾನೂ ಪಕ್ಕದ ಕುರ್ಚಿಯಲ್ಲಿ ಕೂತೆ.